ಮಗುವಿನ ಕಿರುಬೆರಳು ಡೊಂಕೇ? ಯಾವ ಕಡೆಗೆ ಬಾಗಿದೆ, ಮೊದಲು ನೋಡಿ

ಹುಟ್ಟಿದ ಮೊದಲ ಎರಡು-ಮೂರು ತಿಂಗಳು ಕೂಸುಗಳು ಮುಷ್ಟಿ ಬಿಗಿದುಕೊಂಡೇ ಇರುತ್ತವೆ. ಬೆರಳು ಡೊಂಕೋ ಅಲ್ಲವೋ ತಿಳಿಯಬೇಕೆಂದರೆ ಮಗು ಗಾಢ ನಿದ್ದೆಯಲ್ಲಿರುವಾಗ ನೋಡಿ. ಅಂಗೈ ಕೆಳಗಾಗಿ ಹಾಸಿಗೆಯ ಮೇಲಿಟ್ಟಾಗ ಕಿರುಬೆರಳಿನ ತುದಿ ಉಂಗುರಬೆರಳಿನ ಕಡೆ ವಾಲಿದ್ದರೆ ಅದು ಕ್ಲೈನೊಡ್ಯಾಕ್ಟಿಲಿ. ನಡುಗೆಣ್ಣು ಅಂಗೈ ಕಡೆಗೆ ಮಡಚಿಕೊಂಡು, ಬೆರಳು ನೆಟ್ಟಗಾಗದಿದ್ದರೆ ಕ್ಯಾಂಪ್ಟೊಡ್ಯಾಕ್ಟಿಲಿ. ಎರಡಕ್ಕೂ ಒಂದೇ ಉಪಚಾರ ಮಾಡಲು ಹೋಗಿಯೇ ಎಡವಟ್ಟಾಗುತ್ತದೆ.

ಪಕ್ಕಕ್ಕೆ ವಾಲಿದ್ದರೆ ಸಮಸ್ಯೆ ಇರುವುದು ಮೂಳೆಯಲ್ಲಿ. ಸಾಮಾನ್ಯವಾಗಿ ಬೆರಳಿನ ನಡುಮೂಳೆ ಒಂದು ಬದಿಯಲ್ಲಿ ಗಿಡ್ಡವಾಗಿರುತ್ತದೆ. ನೀವಿದರೆ, ಕಡ್ಡಿ ಕಟ್ಟಿದರೆ ಅದು ಸರಿಹೋಗದು. ದಾರ ಬಿಗಿದರೆ ರಕ್ತ ಓಡಾಟವೇ ನಿಂತೀತು, ದಯವಿಟ್ಟು ಕಟ್ಟಬೇಡಿ. ಮನೆಯಲ್ಲಿ ಅಪ್ಪನದೋ ಅಜ್ಜಿಯದೋ ಬೆರಳು ಹೀಗೇ ಇರುವುದುಂಟು. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ವರ್ಣತಂತು ದೋಷ) ಇರುವ ಮಕ್ಕಳಲ್ಲಿ ಇದು ಹೆಚ್ಚು ಕಾಣುತ್ತದೆ ನಿಜ, ಆದರೆ ಡೊಂಕು ಬೆರಳೊಂದನ್ನೇ ಕಂಡು ಹೆದರಬೇಕಿಲ್ಲ. ಆರು ತಿಂಗಳಿಗೊಮ್ಮೆ ಕೈಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಡೊಂಕು ಹೆಚ್ಚುತ್ತಿದ್ದರೆ, ಮುಷ್ಟಿ ಕಟ್ಟಿದಾಗ ಕಿರುಬೆರಳು ಪಕ್ಕದ ಬೆರಳನ್ನು ಹತ್ತುತ್ತಿದ್ದರೆ ಎಕ್ಸ್‌ರೇ ತೆಗೆಸಿ, ಮೂಳೆ ತಜ್ಞರಿಗೆ ತೋರಿಸಿ.

ಅಂಗೈ ಕಡೆಗೆ ಮಡಚಿದ ಬೆರಳಿನ ಕಥೆಯೇ ಬೇರೆ. ಇಲ್ಲಿ ಬಿಗಿದಿರುವುದು ಹೆಚ್ಚಾಗಿ ಚರ್ಮ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ), ಗೆಣ್ಣಿನ ಸುತ್ತಲಿನ ಪೊರೆ. ಬೇಗ ಶುರುಮಾಡಿದರೆ ಎಳೆತಕ್ಕೆ ಒಗ್ಗುತ್ತವೆ. ತಜ್ಞರಿಗೆ ತೋರಿಸಿದ ಮೇಲೆ, ಬಿಸಿನೀರು ಹಾಕಿ ಮೈ ಸಡಿಲವಾದ ಹೊತ್ತಿನಲ್ಲಿ ಹೀಗೆ ಮಾಡಿ: ಒಂದು ಕೈಯಲ್ಲಿ ಬೆರಳಿನ ಬುಡದ ತುಂಡನ್ನು ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳುಗಳಿಂದ ನಡುವಿನ ತುಂಡನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ, ಹತ್ತು ಎಣಿಸುವವರೆಗೆ ಹಾಗೇ ಇರಿಸಿ, ಬಿಡಿ. ಎಲ್ಲರೂ ಮಾಡುವ ತಪ್ಪೆಂದರೆ ಬೆರಳಿನ ತುದಿ ಹಿಡಿದು ಎಳೆಯುವುದು. ಆಗ ತುದಿಗೆಣ್ಣು ಹಿಂದಕ್ಕೆ ಬಾಗುತ್ತದೆ, ನಡುಗೆಣ್ಣು ಇದ್ದಲ್ಲೇ ಇರುತ್ತದೆ. ಮಗು ಅತ್ತರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಿದರೆ ಗೆಣ್ಣು ಊದಿ ಇನ್ನಷ್ಟು ಬಿಗಿಯುತ್ತದೆ. ಎಷ್ಟು ಸಲ ಎಂಬುದನ್ನು ಫಿಸಿಯೊಥೆರಪಿಸ್ಟ್ ಹೇಳಲಿ.

ರಾತ್ರಿಗೆ ಸ್ಪ್ಲಿಂಟ್, ಅಂದರೆ ಬೆರಳನ್ನು ನೆಟ್ಟಗೆ ಹಿಡಿದಿಡುವ ಆಸರೆಪಟ್ಟಿ. ಪುಟ್ಟ ಬೆರಳಿಗಷ್ಟೇ ಹಾಕಿದರೆ ಜಾರಿಹೋಗುವುದರಿಂದ ಕೂಸುಗಳಿಗೆ ಅಂಗೈ, ಮುಂಗೈವರೆಗೂ ಬರುವಂತೆ ಮಾಡಿಸಬೇಕಾಗುತ್ತದೆ. ತುದಿ ನೀಲಿಯಾದರೆ ಅಥವಾ ಬಿಳಿಚಿಕೊಂಡರೆ ತಕ್ಷಣ ಬಿಚ್ಚಿ. ಬೆಳಿಗ್ಗೆ ತೆಗೆದು ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಅಳತೆ ತಪ್ಪಿದೆ ಎಂದರ್ಥ. ಮಗು ಬೆಳೆದಂತೆ ಸ್ಪ್ಲಿಂಟನ್ನೂ ಬದಲಿಸಬೇಕು.

ಹೆಬ್ಬೆರಳು ಮಡಚಿಕೊಂಡು, ಅದರ ಬುಡದಲ್ಲಿ ಕಾಳಿನಂಥ ಗಂಟು ಕೈಗೆ ಸಿಕ್ಕರೆ ಅದು ಟ್ರಿಗರ್ ಥಂಬ್, ಬೇರೆಯೇ ತೊಂದರೆ.

ಕ್ಯಾಂಪ್ಟೊಡ್ಯಾಕ್ಟಿಲಿಗೆ ಶಸ್ತ್ರಚಿಕಿತ್ಸೆ ಕೊನೆಯ ದಾರಿ. ಬೆರಳು ನೆಟ್ಟಗಾಗಿ, ಪೂರ್ತಿ ಮಡಚಲಾಗದೆ ಹೋಗುವ ಅಪಾಯವಿದೆ. ಸರಿಹೋದ ಬೆರಳೂ ಹರೆಯದಲ್ಲಿ, ಎತ್ತರ ಬೇಗಬೇಗ ಏರುವಾಗ ಮತ್ತೆ ಮಡಚಬಹುದು. ಆ ವರ್ಷಗಳಲ್ಲಿ ರಾತ್ರಿಯ ಸ್ಪ್ಲಿಂಟನ್ನು ಮತ್ತೆ ಹಾಕಬೇಕಾಗಬಹುದು.