ಟೆರೇಸಿನಲ್ಲಿ ಟೇಬಲ್ ಹಾಕುವ ಮೊದಲು

ಟೆರೇಸಿನಲ್ಲಿ ಟೇಬಲ್ ಹಾಕಲು ಬಿಎಂಸಿ, ಅಂದರೆ ಮುಂಬಯಿ ಮಹಾನಗರ ಪಾಲಿಕೆ, ಒಪ್ಪಿದರೆ ಅಲ್ಲಿ ಬಿಯರೂ ಕೊಡಬಹುದು ಎಂದು ಮುಂಬಯಿಯ ನಮ್ಮ ಹೋಟೆಲಿನವರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಊಟದ ಪರವಾನಗಿ ಬಿಎಂಸಿಯದು, ಮದ್ಯದ್ದು ಎಕ್ಸೈಸಿನದು, ಅಂದರೆ ಅಬಕಾರಿ ಇಲಾಖೆಯದು. ಒಂದು ಸಿಕ್ಕಿತೆಂದು ಇನ್ನೊಂದು ತಾನಾಗಿ ಬರುವುದಿಲ್ಲ.

ನಮ್ಮದು ಚೆಂಬೂರಿನ ಸಣ್ಣ ಪರ್ಮಿಟ್ ರೂಮ್, ಅಂದರೆ ಊಟದ ಜೊತೆ ಮದ್ಯ ಕೊಡಲು ಲೈಸೆನ್ಸ್ ಇರುವ ಹೋಟೆಲ್. ಇರುವುದು ಪೂರ್ತಿ ವಾಣಿಜ್ಯ ಕಟ್ಟಡದಲ್ಲಿ. 2017ರ ನವೆಂಬರಿನಲ್ಲಿ ಬಂದ ಬಿಎಂಸಿಯ ರೂಫ್‌ಟಾಪ್ ನೀತಿ ವಸತಿ ಕಟ್ಟಡಗಳಿಗೆ ಅಲ್ಲವೇ ಅಲ್ಲ, ಮೇಲೆ ಮನೆಗಳಿದ್ದರೆ ಈ ಯೋಚನೆಯನ್ನೇ ಬಿಡಿ. ಮೇಲೆ ಒಲೆ ಹಚ್ಚುವಂತಿಲ್ಲ, ಮಾಡು ಕಟ್ಟುವಂತಿಲ್ಲ. ಹಾಗಾಗಿ ನಾವು ಮಳೆ ನಿಂತ ಮೇಲೆ ಟೇಬಲ್ ಹಾಕುತ್ತೇವೆ, ಜೂನ್ ಬರುವ ಮೊದಲು ತೆಗೆಯುತ್ತೇವೆ. ತಾಡಪತ್ರಿ ಹಾಕಿ ಮಳೆಗಾಲದಲ್ಲೂ ನಡೆಸಿ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಆ ನೀತಿ ಬಂದು ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ಪಬ್ಬಿನಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಅದರ ನೆನಪಿರುವ ಯಾರೂ ಗಿರಾಕಿಗಳ ತಲೆಯ ಮೇಲೆ ಪ್ಲಾಸ್ಟಿಕ್ ಕಟ್ಟಬಾರದು.

ಫೈರ್‌ನವರ ಕೆಲಸ ಮೊದಲು ಮುಗಿಸಿದೆ. ಬೆಂಕಿ ಆರಿಸುವ ಸಾಧನಗಳು ಸರಿಯಿವೆ ಎಂದು ಜನವರಿ, ಜುಲೈಗಳಲ್ಲಿ ಕೊಡಬೇಕಾದ ಪ್ರಮಾಣಪತ್ರ, ಫಾರ್ಮ್ ಬಿ, ಸರಿಯಿತ್ತು. ಆದರೂ ಮೆಟ್ಟಿಲ ತಿರುವಿನಲ್ಲಿ ಪೇರಿಸಿದ್ದ ಖಾಲಿ ಕ್ರೇಟುಗಳನ್ನೆಲ್ಲ ಗೋಡೌನಿಗೆ ಸಾಗಿಸಿದೆ. ಇಳಿಯುವ ದಾರಿಯಲ್ಲಿ ಒಂದು ಬಕೆಟ್ ಕೂಡ ಇರಬಾರದು.

ಎಕ್ಸೈಸಿನದ್ದೇ ನಿಜವಾದ ಕೆಲಸ. ಎಫ್‌ಎಲ್-3, ಅಂದರೆ ಪರ್ಮಿಟ್ ರೂಮಿನ ಮದ್ಯದ ಲೈಸೆನ್ಸಿನ ಜೊತೆ ಮಂಜೂರಾದ ನಕ್ಷೆ ಇರುತ್ತದಲ್ಲ, ನಮ್ಮ ಗಲ್ಲಾದ ಡ್ರಾವರಿನಲ್ಲಿ ಮಡಿಕೆ ಹರಿದುಹೋದ ಆ ನೀಲಿ ಹಾಳೆ, ಅದರಲ್ಲಿ ತೋರಿಸಿದ್ದಷ್ಟೇ ಮದ್ಯದ ಜಾಗ. ಕೌಂಟರ್, ಸ್ಟೋರ್, ಕೂರುವ ಹಾಲ್. ಅದರಲ್ಲಿ ಟೆರೇಸ್ ಇಲ್ಲದಿದ್ದರೆ ಅಲ್ಲಿ ಒಂದು ಪೆಗ್ ಕೊಟ್ಟರೂ ಲೈಸೆನ್ಸಿನ ಷರತ್ತು ಮುರಿದಂತೆ. ಜಾಗ ಸೇರಿಸಲು ಹೊಸ ನಕ್ಷೆ ಮಾಡಿಸಿ ಅರ್ಜಿ ಹಾಕಿದೆ. ಮಾರ್ಚ್ 31ರೊಳಗೆ ಹೇಗೂ ನವೀಕರಣವಿದೆ, ಆಗ ನೋಡೋಣ ಎಂದು ಕಾಯಬೇಡಿ. ಆ ಹೊತ್ತಿಗೆ ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಮಂಜೂರಾತಿ ಬರುವವರೆಗೆ ಮೇಲೆ ಊಟ ಮಾತ್ರ. ಮೆಟ್ಟಿಲ ಬುಡದಲ್ಲಿ ಹಳದಿ ಪಟ್ಟಿ ಬಳಿಸಿದೆ. ಗ್ಲಾಸು ಹಿಡಿದು ಹತ್ತಲು ಬಂದವರನ್ನು ನಮ್ಮ ಕುಂದಾಪುರದ ಹುಡುಗ ಅಲ್ಲೇ ತಡೆದು, "ಸಾಬ್, ಗ್ಲಾಸ್ ಇಧರ್ ರಖಿಯೇ" ಎಂದು ಟ್ರೇ ಮುಂದೆ ಹಿಡಿಯುತ್ತಿದ್ದ. ಕೆಲವರು ಸಿಟ್ಟಾಗಿ ಎದ್ದುಹೋದರು. ಹೋಗಲಿ. ಮನೆಮಂದಿಯ ಜೊತೆ ಬರುವವರು ಹೆಚ್ಚಾದರು, ನೀರ್‌ದೋಸೆ, ಕೋಳಿ ಸುಕ್ಕಾ ಖರ್ಚಾಯಿತು. 2023ರ ನವೆಂಬರಿನಿಂದ ಪರ್ಮಿಟ್ ರೂಮಿನ ಮದ್ಯಕ್ಕೆ ವ್ಯಾಟ್ ಶೇ. 5ರಿಂದ 10ಕ್ಕೆ ಏರಿದ ಮೇಲೆ ಊಟದ ಟೇಬಲ್ಲೇ ನಮ್ಮನ್ನು ಹಿಡಿದು ನಿಲ್ಲಿಸಿದೆ. ಮಂಜೂರಾತಿ ಬಂದ ಮೇಲೂ ಮೇಲಿನ ಅರ್ಧ ಭಾಗವನ್ನು ಊಟಕ್ಕೇ ಬಿಟ್ಟಿದ್ದೇನೆ.

ಸ್ಪೀಕರ್ ಮೇಲಕ್ಕೆ ಒಯ್ಯಲೇ ಇಲ್ಲ. ರಾತ್ರಿ 10ರ ಮೇಲೆ ಬಯಲಲ್ಲಿ ಅದು ನಿಷಿದ್ಧ. ಎದುರು ಸೊಸೈಟಿಯವರು ದೂರು ಕೊಟ್ಟರೆ ಪೊಲೀಸರು ಬರುವುದು ನಮ್ಮ ಬಾಗಿಲಿಗೇ.