ನಾಯಿ, ಹಸು ಇರುವ ಮನೆಗೆ ಗ್ಲುಟೆನ್ ನುಸುಳುವ ದಾರಿಗಳು, ಅವನ್ನು ಮುಚ್ಚುವ ಬಗೆ

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಣ್ಣ ಕರುಳು ಕೆಡುವ ಕಾಯಿಲೆಯೇ ಸೀಲಿಯಾಕ್. ಅದು ಇದೆ ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರು ಅಡುಗೆಮನೆ ಜಾಲಾಡುತ್ತಾರೆ. ಚಪಾತಿ ಹಿಟ್ಟು, ರವೆ, ಮೈದಾ, ಶಾವಿಗೆ, ಬಿಸ್ಕತ್ತು ಎಲ್ಲ ಹೊರಗೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದು ಅಷ್ಟು ಕಷ್ಟವೂ ಅಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆ ಅನ್ನ ತಿಂದು ಬೆಳೆದವರಿಗೆ ಗೋಧಿ ಬಿಡುವುದು ದೊಡ್ಡ ಮಾತೇನಲ್ಲ. ಆದರೂ ಕೆಲವರಿಗೆ ತಿಂಗಳುಗಟ್ಟಲೆ ಪಥ್ಯ ಮಾಡಿದರೂ ಹೊಟ್ಟೆ ಉಬ್ಬರ ಹೋಗುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆ ಕೆರಳಿರುವುದನ್ನು ತೋರಿಸುವ ಟಿಟಿಜಿ ಅಂಕಿ ಇಳಿಯುವುದಿಲ್ಲ. ಆಗ ಹೋಟೆಲ್ ಮೇಲೆ ಅನುಮಾನ, ಸಾರಿನ ಪುಡಿ ಮೇಲೆ ಅನುಮಾನ. ಬಾಗಿಲ ಪಕ್ಕದ ನಾಯಿ ತಟ್ಟೆ ಕಡೆ ಯಾರೂ ನೋಡುವುದಿಲ್ಲ.

ಮೊದಲು ಒಂದು ಭಯ ಬಿಡಿ. ಗೋಧಿ ಚರ್ಮಕ್ಕೆ ತಾಗಿದರೆ ಸೀಲಿಯಾಕ್ ಕೆರಳುವುದಿಲ್ಲ, ಅದು ಹೊಟ್ಟೆಗೆ ಹೋಗಬೇಕು. ಅಂದರೆ ನಾಯಿಯನ್ನು ಮುದ್ದು ಮಾಡಬಹುದು, ಬೆಕ್ಕನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಸಾಕಿದ ಪ್ರಾಣಿಯನ್ನು ಯಾರಿಗೋ ಕೊಟ್ಟುಬಿಡಿ ಅಂತ ನೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೀವು ಕಾಯಬೇಕಾದದ್ದು ಬಾಯಿ, ಮೂಗಿನಿಂದ ಹೊಟ್ಟೆಗೆ ಇಳಿಯುವ ದಾರಿಯನ್ನು.

ಪ್ರಮಾಣ ಎಷ್ಟು ಅಂತ ಗೊತ್ತಿದ್ದರೆ ಎಚ್ಚರ ತಾನಾಗಿ ಬರುತ್ತದೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ಫ್ರೀ ಅಂತ ಮಾರುವ ಹಾಗಿಲ್ಲ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಆಗಲಿಕ್ಕಿಲ್ಲ ಎನ್ನುವುದು ಸಾಮಾನ್ಯ ಲೆಕ್ಕ. ಈಗ ಐದು ಗ್ರಾಂ ತೂಕದ ಒಂದು ಗೋಧಿ ಬಿಸ್ಕತ್ತು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 200 ಮಿಲಿಗ್ರಾಂ ಗ್ಲುಟೆನ್ ಇದ್ದೀತು. ಅದರ ಇಪ್ಪತ್ತನೇ ಒಂದು ಪಾಲು, ಅಂದರೆ ಬೆರಳ ಸಂದಿಯಲ್ಲಿ ಉಳಿಯುವಷ್ಟು ಪುಡಿ, ಇಡೀ ದಿನದ ಲೆಕ್ಕ ಮುಗಿಸಿಬಿಡುತ್ತದೆ.

ನಾಯಿ ತಟ್ಟೆಯಿಂದ ಶುರು ಮಾಡಿ

ನಮ್ಮಲ್ಲಿ ನಾಯಿಗೆ ಹಾಕುವುದೇನು? ಉಳಿದ ಚಪಾತಿ, ಹಾಲಲ್ಲಿ ನೆನೆಸಿದ ಬ್ರೆಡ್, ರಸ್ಕ್, ಬಾಲ ಅಲ್ಲಾಡಿಸಿದರೆ ಒಂದು ಬಿಸ್ಕತ್ತು. ಎಲ್ಲ ಗೋಧಿಯೇ. ಪ್ರತಿ ಸಲ ಕೈ ತೊಳೆಯುತ್ತೇನೆ, ಎಚ್ಚರವಾಗಿ ಇರುತ್ತೇನೆ ಅಂತ ಹೇಳುವುದು ಸುಲಭ, ವರ್ಷಗಟ್ಟಲೆ ಪಾಲಿಸುವುದು ಕಷ್ಟ. ನನ್ನ ಪ್ರಕಾರ ನಾಯಿ ತಟ್ಟೆಯಿಂದಲೇ ಗೋಧಿ ತೆಗೆದುಬಿಡುವುದು ಒಳ್ಳೆಯದು. ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ರಾಗಿ ಅಂಬಲಿ, ಸ್ವಲ್ಪ ಕ್ಯಾರೆಟ್ಟು, ಕುಂಬಳಕಾಯಿ ಹಾಕಬಹುದು. ಈರುಳ್ಳಿ, ಬೆಳ್ಳುಳ್ಳಿ ಬೇಡ, ಅವು ನಾಯಿಗೆ ವಿಷ. ಆಹಾರವನ್ನು ಒಂದೇ ದಿನ ಬದಲಾಯಿಸಿದರೆ ಭೇದಿ ಹತ್ತುತ್ತದೆ, ವಾರ ಹತ್ತು ದಿನ ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ಬನ್ನಿ. ಬರೀ ಮನೆ ಊಟವೇ ಹಾಕುವುದಾದರೆ ಪಶುವೈದ್ಯರನ್ನು ಒಂದು ಮಾತು ಕೇಳಿ, ಕ್ಯಾಲ್ಸಿಯಂ ಥರದ್ದು ಸಾಲದೆ ಹೋಗಬಹುದು. ಬೆಕ್ಕಿಗೆ ಮಾತ್ರ ಅಂಬಲಿ, ಅನ್ನದ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಮಾಂಸ, ಮೀನು ಬೇಕೇ ಬೇಕು.

ಅಂಗಡಿಯ ಒಣ ಆಹಾರ ಹಾಕುವವರು ಪ್ಯಾಕೆಟ್ಟಿನ ಹಿಂದೆ ಓದಬೇಕು. ಗೋಧಿ, ಬಾರ್ಲಿ, ರೈ, ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಇದ್ದರೆ ಬಿಡಿ. ಸುಮ್ನೆ ‘ಧಾನ್ಯಗಳು’ ಅಂತಷ್ಟೇ ಬರೆದಿದ್ದರೆ ಗೋಧಿ ಇದೆ ಅಂತಲೇ ತಿಳಿಯಿರಿ. ಕಾರ್ನ್ ಗ್ಲುಟೆನ್ ಅಂತ ಕಂಡರೆ ಹೆದರಬೇಡಿ, ಅದು ಮೆಕ್ಕೆಜೋಳದ ಪ್ರೋಟೀನು, ಸೀಲಿಯಾಕ್‌ಗೆ ಅದರಿಂದ ತೊಂದರೆ ಇಲ್ಲ. ಇನ್ನು ‘ಗ್ರೇನ್ ಫ್ರೀ’ ಅಂತ ದುಬಾರಿ ಚೀಲ ಸಿಗುತ್ತದಲ್ಲ, ಅದಕ್ಕೆ ಓಡಬೇಕಾಗಿಲ್ಲ. ಅಕ್ಕಿಯ ಬದಲು ಬಟಾಣಿ, ಬೇಳೆ ತುಂಬಿದ ಅಂಥ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತ್ತು. ನಮಗೆ ಬೇಕಾದದ್ದು ಗೋಧಿ, ಬಾರ್ಲಿ ಇಲ್ಲದ ಆಹಾರ. ಅಕ್ಕಿ ಇದ್ದರೆ ಇರಲಿ.

ಗೋಧಿ ಇರುವ ಆಹಾರವನ್ನೇ ಹಾಕಬೇಕಾದರೆ ಆ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ. ಚೀಲ ಅಡುಗೆಮನೆಯಲ್ಲಿ ಬೇಡ, ಮುಚ್ಚಳದ ಡಬ್ಬಿಯಲ್ಲಿ ವರಾಂಡದಲ್ಲೋ ಹಿತ್ತಲಲ್ಲೋ ಇಡಿ. ಅಳೆಯುವ ಲೋಟ ಆ ಡಬ್ಬಿಯಲ್ಲೇ ಇರಲಿ. ಸ್ಟೀಲ್ ತಟ್ಟೆ ಇಡಿ, ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಹಿಟ್ಟು ಕೂತರೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ತಟ್ಟೆ ತಿಕ್ಕುವ ನಾರು ನಿಮ್ಮ ಊಟದ ತಟ್ಟೆಗೆ ತಾಗಬಾರದು. ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಬಿಡಿಸಿ ಹೇಳಿ, ಬೇರೆ ಬಣ್ಣದ ನಾರು ಕೊಟ್ಟುಬಿಡಿ.

ನಾಯಿ ಮುಖ ನೆಕ್ಕುತ್ತದೆ, ಅದನ್ನು ತಡೆಯಲಾಗದು. ಆಗ ತಾನೇ ಬಿಸ್ಕತ್ತು ತಿಂದ ಬಾಯಾದರೆ ತುಟಿಯ ಹತ್ತಿರ ಬಿಡಬೇಡಿ, ನೆಕ್ಕಿದ್ದರೆ ಮುಖ ತೊಳೆಯಿರಿ. ಕೈಗೆ ಸೋಪು, ನೀರೇ ಬೇಕು. ಸ್ಯಾನಿಟೈಸರ್ ಹಚ್ಚಿದರೆ ಕ್ರಿಮಿ ಸಾಯಬಹುದು, ಗ್ಲುಟೆನ್ ಕ್ರಿಮಿಯಲ್ಲ, ಕೈಮೇಲೇ ಉಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ, ತೊಳೆದೇ ತೆಗೆಯಬೇಕು.

ಹಸು, ಎಮ್ಮೆ ಇರುವವರು ಇದನ್ನು ಎರಡು ಸಲ ಓದಿ

ಗ್ಲುಟೆನ್ ಬಗ್ಗೆ ಪೇಟೆಯವರು ಬರೆಯುವುದರಲ್ಲಿ ಬೂಸಾದ ಸುದ್ದಿಯೇ ಬರುವುದಿಲ್ಲ. ಗೋಧಿ ಬೂಸಾ ಅಂದರೆ ಗೋಧಿಯ ಹೊಟ್ಟು, ಅದಕ್ಕೆ ಹಿಟ್ಟೂ ಅಂಟಿರುತ್ತದೆ. ಚೀಲದ ಬಾಯಿ ಬಿಚ್ಚಿ ಬುಟ್ಟಿಗೆ ಸುರಿದಾಗ ಏಳುವ ದೂಳು ಮೂಗು, ಬಾಯಿಗೆ ಹೋಗಿ ಗಂಟಲಲ್ಲಿ ಕೂತು ಕೊನೆಗೆ ಹೊಟ್ಟೆಗೇ ಇಳಿಯುತ್ತದೆ. ಪಥ್ಯ ಸರಿಯಾಗಿದ್ದರೂ ವಾಸಿಯಾಗದ ರೈತರಿಗೆ ಪಶು ಆಹಾರದ ದೂಳೇ ಕಾರಣವಾಗಿತ್ತು ಅಂತ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 2007ರಲ್ಲೇ ವರದಿ ಬಂದಿದೆ.

ಆಗುವುದಾದರೆ ಬೂಸಾ ಹಾಕುವ ಕೆಲಸ ಬೇರೆಯವರಿಗೆ ಬಿಡಿ. ಆಗದಿದ್ದರೆ ಬಯಲಲ್ಲಿ, ಮಾಸ್ಕ್ ಕಟ್ಟಿಕೊಂಡು, ಬಾನಿಯಲ್ಲಿ ಮೊದಲು ನೀರಿಟ್ಟುಕೊಂಡು ಚೀಲ ಬಗ್ಗಿಸಿ ನಿಧಾನಕ್ಕೆ ಸುರಿಯಿರಿ. ನೆನೆದ ಬೂಸಾದಿಂದ ದೂಳು ಏಳುವುದಿಲ್ಲ, ಕೈಗೆ ಮಾತ್ರ ಅಂಟುತ್ತದೆ. ಆಮೇಲೆ ಕೈ, ಮುಖ ತೊಳೆದು ಬಟ್ಟೆ ಬದಲಾಯಿಸಿಯೇ ಅಡುಗೆಮನೆಗೆ ಕಾಲಿಡಿ. ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಮೆಕ್ಕೆಜೋಳದ ನುಚ್ಚು, ಅಕ್ಕಿ ತೌಡಿನಲ್ಲಿ ಗ್ಲುಟೆನ್ ಇಲ್ಲ. ಬೂಸಾದ ಬದಲು ಇವನ್ನು ಎಷ್ಟು ಹಾಕಬಹುದು ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ ಬದಲಾಯಿಸಬಹುದು. ಚೀಲದಲ್ಲಿ ಬರುವ ಮಿಶ್ರ ಪಶು ಆಹಾರದಲ್ಲಿ ಬೂಸಾ ಇದ್ದೇ ಇದೆ ಅಂದುಕೊಳ್ಳಿ.

ಬೂಸಾ ತಿಂದ ಹಸುವಿನ ಹಾಲು ಕುಡಿಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಕುಡಿಯಿರಿ, ಗೋಧಿಯ ಗ್ಲುಟೆನ್ ಹಾಲಿಗೆ ಇಳಿಯುವುದಿಲ್ಲ, ಗೋಧಿ ತಿಂದ ಕೋಳಿಯ ಮೊಟ್ಟೆಯೂ ಹಾಗೇ. ಸಮಸ್ಯೆ ಇರುವುದು ಹಾಲು ಕರೆಯುವಾಗ. ಹಸು ಸುಮ್ಮನೆ ನಿಲ್ಲಲಿ ಅಂತ ಮುಂದೆ ಬೂಸಾ ಬುಟ್ಟಿ ಇಟ್ಟು, ಅದೇ ಕೈಯಲ್ಲಿ ಕರೆಯಲು ಕೂರುತ್ತೇವೆ ಅಲ್ವಾ? ಮೊಣಕೈಗೆ ಹತ್ತಿದ ಹೊಟ್ಟು ಸೀದಾ ತಂಬಿಗೆಗೆ ಬೀಳುತ್ತದೆ. ಕೈಯನ್ನು ಮೊಣಕೈವರೆಗೆ ತೊಳೆದು ಆಮೇಲೆ ಕೂರಿ. ಕಾರಹುಣ್ಣಿಮೆಗೆ ಎತ್ತಿಗೆ ಹೋಳಿಗೆ ತಿನ್ನಿಸಿದ ಮೇಲೂ ಇದೇ ಲೆಕ್ಕ.

ಸಣ್ಣಪುಟ್ಟವು

ಅಕ್ವೇರಿಯಂ ಮೀನಿನ ಆಹಾರದಲ್ಲಿ ಗೋಧಿ ಹಿಟ್ಟು ಇರುವುದೇ ಜಾಸ್ತಿ, ಚಿಟಿಕೆ ಹಾಕಿದ ಬೆರಳು ಬಾಯಿಗೆ ಹೋಗದಿರಲಿ. ಲವ್‌ಬರ್ಡ್ಸ್‌ಗೆ ನವಣೆ ಹಾಕಿದರೆ ಚಿಂತೆಯೇ ಇಲ್ಲ, ಹೊಸದುರ್ಗದ ಕಡೆ ಬೆಳೆಯುವುದೇ ಅದು. ನಾಯಿಗೆ ಮಾತ್ರೆಯನ್ನು ಬನ್ನಿನ ಚೂರಲ್ಲಿ ಇಟ್ಟು ಕೊಡುವವರು ಅನ್ನದ ಉಂಡೆಯಲ್ಲೋ ಮೊಟ್ಟೆಯಲ್ಲೋ ಇಡಿ. ಬೆಕ್ಕಿನ ಲಿಟರ್ (ಅದರ ಮಲಮೂತ್ರದ ಟ್ರೇಗೆ ಹಾಕುವ ಪುಡಿ) ಮಣ್ಣಿನದಾದರೆ ಸರಿ, ಕೆಲವನ್ನು ಗೋಧಿಯಿಂದ ಮಾಡಿರುತ್ತಾರೆ, ದೂಳು ಏಳುತ್ತದೆ.

ಗಿರಣಿ ವಿಷಯವನ್ನೂ ಹೇಳಿಬಿಡುತ್ತೇನೆ, ನಾಯಿ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನೂ ನೋಡಬೇಕು. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳ ಬೀಸಿದರೆ ಹಿಟ್ಟಿಗೆ ಗೋಧಿ ಸೇರಿರುತ್ತದೆ. ಗೋಧಿಗೆ ಬೇರೆ ಕಲ್ಲು ಇಟ್ಟಿರುವ ಗಿರಣಿ ಹುಡುಕಿ, ಇಲ್ಲವೇ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಿ. ಡಬ್ಬಿಯ ಇಂಗಿನಲ್ಲೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಲೇಬಲ್ ಓದಿ.

ಪಥ್ಯದಲ್ಲಿರುವುದು ಮಗುವಾದರೆ ಕಷ್ಟ ಇನ್ನೂ ಜಾಸ್ತಿ. ಮಕ್ಕಳು ನಾಯಿ ಜೊತೆ ಉರುಳಾಡಿ, ಅದೇ ಕೈ ಬಾಯಿಗಿಡುತ್ತಾರೆ. ಅದರ ಮೇಲೆ ಪಕ್ಕದ ಮನೆ ಹುಡುಗರು ಗೇಟಿನ ಹತ್ತಿರ ನಿಂತು ನಾಯಿಗೆ ಬಿಸ್ಕತ್ತು ಎಸೆಯುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಗೇಟಿನ ಪಕ್ಕ ಒಂದು ಡಬ್ಬಿಯಲ್ಲಿ ಖಾರ ಹಾಕದ ಬರೀ ಮಂಡಕ್ಕಿ ಇಟ್ಟು, ಇದನ್ನು ಹಾಕಿ ಅಂತ ಹೇಳಿ. ಮಂಡಕ್ಕಿ ಅಕ್ಕಿಯದು, ದಾವಣಗೆರೆಯಲ್ಲಿ ಅದಕ್ಕೇನು ಬರವೇ? ಅದರಲ್ಲಿ ಉಪ್ಪಿರುತ್ತದೆ, ಹಾಗಾಗಿ ದಿನಕ್ಕೆ ಒಂದು ಹಿಡಿ ಮೀರದಿರಲಿ.