ಅಡಿಕೆ ಬಿಲ್ಲಿನ ಲೆಕ್ಕವನ್ನು ಝೆಡ್3ಯಲ್ಲಿ ಸಾಧಿಸಿ ನೋಡುವ ಕ್ರಮ

ಶಿರಸಿಯ ಅಡಿಕೆ ವಖಾರಿಯೊಂದಕ್ಕೆ ಹಿಂದೆ ನಾನು ಬರೆದುಕೊಟ್ಟ ಬಿಲ್ಲಿನ ಪ್ರೋಗ್ರಾಮು ತೂಕವನ್ನು ಗ್ರಾಮಿನಲ್ಲಿ, ದರವನ್ನು ಕಿಲೋ ಒಂದಕ್ಕೆ ಇಷ್ಟು ಪೈಸೆ ಎಂದು ತೆಗೆದುಕೊಂಡು, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸುತ್ತಿತ್ತು. ಕ್ವಿಂಟಲಿಗೆ 45,000 ರೂಪಾಯಿ ದರದಲ್ಲಿ 40 ಕಿಲೋ ಚೀಲಕ್ಕೆ 18,000 ರೂಪಾಯಿ ಸರಿಯಾಗಿಯೇ ಬಂತು. 60 ಕಿಲೋ ಚೀಲಕ್ಕೆ ಮಾತ್ರ ರೈತರೇ ವಖಾರಿಗೆ 15,949 ರೂಪಾಯಿ 67 ಪೈಸೆ ಕೊಡಬೇಕೆಂದು ತೋರಿಸಿತು. 60,000ವನ್ನು 45,000ದಿಂದ ಗುಣಿಸಿದರೆ 270 ಕೋಟಿ. ಋಣ ಸಂಖ್ಯೆಗಳಿಗೂ ಜಾಗವಿರುವ 32 ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಯುವುದು 2,14,74,83,647ರ ವರೆಗೆ ಮಾತ್ರ; ಅದನ್ನು ಮೀರಿದ ಈ ಗುಣಲಬ್ಧ ಉಕ್ಕಿ ಹರಿದು ಋಣ ಸಂಖ್ಯೆಯಾಗಿತ್ತು. ನಾನು ಪರೀಕ್ಷಿಸಿದ್ದ ಚೀಲಗಳೆಲ್ಲ ಹಗುರವಾಗಿದ್ದವು, ಅಷ್ಟೇ.

ಇಂಥ ತಪ್ಪನ್ನು ಹಿಡಿಯಲು ಮೈಕ್ರೋಸಾಫ್ಟ್ ರಿಸರ್ಚ್ ರೂಪಿಸಿದ ಝೆಡ್3 ಎಂಬ ಸ್ವಯಂಚಾಲಿತ ಪ್ರಮೇಯ ಸಾಧಕ, ಅಂದರೆ ಕೊಟ್ಟ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬಲ್ಲವೇ ಎಂದು ತಾನೇ ಹುಡುಕಿ ಹೇಳುವ ಪ್ರೋಗ್ರಾಮು, ಸಾಕು. ಅದು ಉಚಿತ; ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಪಿಪ್ ಎಂಬ ಅದರ ಅಳವಡಿಕೆಯ ಸಾಧನದ ಮೂಲಕ ಝೆಡ್3-ಸಾಲ್ವರ್ ಹಾಕಿಕೊಳ್ಳಬಹುದು.

ಮೊದಲು ತೂಕ ಮತ್ತು ದರಗಳನ್ನು 32 ಬಿಟ್ಟಿನ ಬಿಟ್‌ವೆಕ್ ಚರಗಳಾಗಿ, ಅಂದರೆ ಕಂಪ್ಯೂಟರಿನಲ್ಲಿರುವಂತೆ ಇಂತಿಷ್ಟೇ ಬಿಟ್ಟುಗಳ ಸಂಖ್ಯೆಗಳಾಗಿ, ಘೋಷಿಸಿ. ಹೊಸಬರು ಎಡವುವುದು ಇಲ್ಲಿಯೇ: ಇಂಟ್ ಎಂದು ಘೋಷಿಸಿದರೆ ಝೆಡ್3 ಅದನ್ನು ಮಿತಿಯಿಲ್ಲದ ಗಣಿತದ ಪೂರ್ಣಾಂಕವೆಂದೇ ತಿಳಿಯುತ್ತದೆ, ಉಕ್ಕಿ ಹರಿಯುವ ಪ್ರಶ್ನೆಯೇ ಏಳದೆ ನಿಮ್ಮ ತಪ್ಪು ಪ್ರೋಗ್ರಾಮು ಸರಿಯೆಂದು ಸಾಧಿತವಾಗುತ್ತದೆ. ಅನಂತರ ಷರತ್ತುಗಳನ್ನು ಸೇರಿಸಿ: ತೂಕ 1ರಿಂದ 75,000 ಗ್ರಾಂ, ದರ 1ರಿಂದ 60,000 ಪೈಸೆ.

ಈಗ ಸಾಧಿಸಬೇಕಾದ ಮಾತನ್ನು ತಿರುವುಮುರುವಾಗಿ ಕೇಳಬೇಕು. 'ಲೆಕ್ಕ ಸರಿಯೇ' ಎಂದು ಕೇಳದೆ, ಎರಡನ್ನೂ 64 ಬಿಟ್ಟಿಗೆ ಹಿಗ್ಗಿಸಿ ಗುಣಿಸಿದ ಫಲವು, 32 ಬಿಟ್ಟಿನಲ್ಲಿ ಗುಣಿಸಿ ಹಿಗ್ಗಿಸಿದ ಫಲಕ್ಕಿಂತ ಬೇರೆಯಾಗುವ ಒಂದಾದರೂ ಜೋಡಿ ಇದೆಯೇ ಎಂದು ಕೇಳಿ. ಝೆಡ್3ಯ ಉತ್ತರ ಸ್ಯಾಟ್ ಎಂದರೆ ಅಂಥ ಜೋಡಿ ಸಿಕ್ಕಿತು. ಮಾಡೆಲ್, ಅಂದರೆ ಸಿಕ್ಕ ಉದಾಹರಣೆ, ಕೇಳಿದರೆ ತೂಕ, ದರಗಳನ್ನೇ ಕೊಡುತ್ತದೆ. ದರವನ್ನು 45,000ಕ್ಕೆ ಕಟ್ಟಿಹಾಕಿ ಅತಿ ಕಡಿಮೆ ತೂಕ ಯಾವುದೆಂದು ಹುಡುಕಿಸಿದರೆ 47,722 ಗ್ರಾಂ ಬರುತ್ತದೆ. ಅನ್‌ಸ್ಯಾಟ್ ಎಂದರೆ ಷರತ್ತಿನೊಳಗಿನ ಯಾವ ಜೋಡಿಯೂ ತಪ್ಪುವುದಿಲ್ಲ ಎಂಬುದಕ್ಕೆ ಸಾಧನೆ. ಅನ್‌ನೋನ್ ಎಂದರೆ ಅದಕ್ಕೂ ತಿಳಿಯಲಿಲ್ಲ; ಷರತ್ತುಗಳನ್ನು ಬಿಗಿಗೊಳಿಸಿ ಮತ್ತೆ ಕೇಳಿ.

ಅನ್‌ಸ್ಯಾಟ್ ಕಂಡಕೂಡಲೇ ಹಿಗ್ಗಬೇಡಿ. ಷರತ್ತುಗಳೇ ಒಂದಕ್ಕೊಂದು ವಿರುದ್ಧವಾಗಿದ್ದರೂ ಅದೇ ಉತ್ತರ ಬರುತ್ತದೆ. ನಾನೊಮ್ಮೆ 75,000ಕ್ಕೆ 'ಕಡಿಮೆ' ಎನ್ನುವಲ್ಲಿ 'ಹೆಚ್ಚು' ಎಂದೂ, ಇನ್ನೊಂದು ಸಾಲಿನಲ್ಲಿ 50,000ಕ್ಕಿಂತ ಕಡಿಮೆ ಎಂದೂ ಬರೆದು, ಇಲ್ಲದ ಚೀಲಗಳ ಬಗ್ಗೆ ಸಾಧನೆ ಪಡೆದಿದ್ದೆ. ಆದ್ದರಿಂದ ಷರತ್ತುಗಳನ್ನಷ್ಟೇ ಕೊಟ್ಟು ಸ್ಯಾಟ್ ಬರುವುದನ್ನು ಮೊದಲು ನೋಡಿಕೊಳ್ಳಿ.

ಹಾರ್ಡ್‌ವೇರಿಗೂ ಕ್ರಮ ಇದೇ: ಹಳೆಯ ಮತ್ತು ಹೊಸ ಸರ್ಕಿಟ್‌ಗಳಿಗೆ ಒಂದೇ ಇನ್‌ಪುಟ್ ಕೊಟ್ಟು, ಔಟ್‌ಪುಟ್ ಬೇರೆಯಾಗಬಹುದೇ ಎಂದು ಕೇಳುವುದು. 1994ರಲ್ಲಿ ಇಂಟೆಲ್‌ನ ಪೆಂಟಿಯಮ್ ಪ್ರೊಸೆಸರಿನ ಭಾಗಾಕಾರದ ತಪ್ಪು ಬಯಲಾದ ಬಳಿಕ ಇನ್ನೊಂದು ಚಿಪ್ ಕಂಪನಿ ಎಎಮ್‌ಡಿ ತನ್ನ ಕೆ5 ಪ್ರೊಸೆಸರಿನ ಭಾಗಾಕಾರವನ್ನು ಎಸಿಎಲ್2 ಎಂಬ ಸಾಧಕದಲ್ಲಿ ಪರಿಶೀಲಿಸಿತು. ಪ್ರೋಗ್ರಾಮಿನಲ್ಲಿ ಲೂಪುಗಳಿದ್ದರೆ ಪ್ರತಿ ಸುತ್ತಿನಲ್ಲೂ ನಿಜವಾಗಿ ಉಳಿಯುವ ಮಾತನ್ನು ಸಾಮಾನ್ಯವಾಗಿ ನೀವೇ ಬರೆಯಬೇಕಾಗುತ್ತದೆ. ಅದಕ್ಕೆ ಒಳಗೆ ಝೆಡ್3ಯನ್ನೇ ಬಳಸುವ ಡ್ಯಾಫ್ನಿ ಎಂಬ ಪ್ರೋಗ್ರಾಮಿಂಗ್ ಭಾಷೆ ಅನುಕೂಲ.

ಕೊನೆಯದಾಗಿ, ಗುಣಾಕಾರವನ್ನು 64 ಬಿಟ್ಟಿಗೆ ಬದಲಿಸಿದ ಮೇಲೂ ಆ 75,000 ಮತ್ತು 60,000ದ ಮಿತಿಗಳನ್ನು ಪ್ರೋಗ್ರಾಮಿನ ಒಳಬರುವ ಬಾಗಿಲಲ್ಲಿಯೂ ಕಾವಲಿಗೆ ಇಡಿ. ಇಲ್ಲವಾದರೆ ಗಡಿಬಿಡಿಯಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದ ಗುಮಾಸ್ತನ ಚೀಲಕ್ಕೆ ನಿಮ್ಮ ಸಾಧನೆ ಅನ್ವಯಿಸುವುದಿಲ್ಲ.